ಹಾರಿಸುವ ಮುಂಚೆ ಆಂಪ್ ನೋಡಿ

ಸಂಪಾದಕರಿಗೆ,

ನಮಸ್ಕಾರ.

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬ್ಯಾಟರಿಯಿಂದ ಹಾರುವ ಮಾಡೆಲ್ ವಿಮಾನ ಕಟ್ಟುವುದು ಹೇಗೆ ಎಂದು ಬಂದಿದ್ದ ಬರಹ ಓದಿದೆ. ರೆಕ್ಕೆಗೆ ಯಾವ ಶೀಟು, ಯಾವ ಅಂಟು, ತೂಕದ ಮಧ್ಯ ಎಲ್ಲಿ ಬೀಳಬೇಕು, ಎಲ್ಲ ಚೆನ್ನಾಗಿ ಬರೆದಿದ್ದರು. ಕರೆಂಟಿನ ವಿಷಯಕ್ಕೆ ಬಂದಾಗ ಮಾತ್ರ ‘ಸಾವಿರ ಕೆವಿ ಮೋಟಾರು, 30 ಆಂಪ್ ಇಎಸ್‌ಸಿ, ಮೂರು ಸೆಲ್ಲಿನ ಬ್ಯಾಟರಿ ಹಾಕಿ ಹಾರಿಸಿ’ ಅಂತ ಒಂದೇ ಸಾಲಿನಲ್ಲಿ ಮುಗಿದುಹೋಯಿತು. ಇಎಸ್‌ಸಿ ಅಂದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಸ್ಪೀಡ್ ಏರಿಸಿ ಇಳಿಸುವ ಬೋರ್ಡು. ಕೆವಿ ಇಲ್ಲಿ ಕಿಲೋವೋಲ್ಟ್ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ. ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಹಾಕುವುದಕ್ಕೂ ಹಾರಿಸುವುದಕ್ಕೂ ನಡುವೆ ಮೋಟಾರು ಎಷ್ಟು ಆಂಪ್, ಅಂದರೆ ಎಷ್ಟು ಕರೆಂಟು, ಎಳೆಯುತ್ತದೆ ಅಂತ ಅಳೆಯುವ ಒಂದು ಕೆಲಸ ಇದೆ. ಅದನ್ನು ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ಅಂಕಿಗಳನ್ನು ಮಾತ್ರ ಬಿಡಬೇಡಿ.

ನಾನು ವಿಮಾನದವನಲ್ಲ. ಮಂಡ್ಯದಲ್ಲಿ ಗುತ್ತಲು ರಸ್ತೆ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಪಂಪ್‌ಸೆಟ್ಟು, ಬೋರಿನ ಸಬ್‌ಮರ್ಸಿಬಲ್, ಹಿಟ್ಟಿನ ಗಿರಣಿ ಮೋಟಾರು, ಆಲೆಮನೆ ಗಾಣದ ಮೋಟಾರು, ಇವೇ ನನ್ನ ಅನ್ನ. ಈಗ ನಮ್ಮ ಜಿಲ್ಲೆಯಲ್ಲಿರುವ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಆಂಪ್ ಅಂದರೆ ಇಲ್ಲಿ ಹಳ್ಳಿಯ ಅಜ್ಜನಿಗೂ ಗೊತ್ತು. ಪಂಪಿನ ಪ್ಯಾನಲ್ ಬೋರ್ಡಿನ ಮೇಲೆ ಒಂದು ವೋಲ್ಟ್ ಮೀಟರು, ಒಂದು ಆಂಪ್ ಮೀಟರು ಇರುತ್ತವೆ. ಸ್ಟಾರ್ಟರ್ ಒತ್ತಿದವನ ಕಣ್ಣು ಮೊದಲು ಹೋಗುವುದು ಆ ಮುಳ್ಳಿನ ಮೇಲೆ. ಮುಳ್ಳು ಕೆಳಗೆ ಬಿದ್ದರೆ ಬೋರು ಗಾಳಿ ಎಳೆಯುತ್ತಿದೆ. ಮೇಲೆ ಹೋದರೆ ಇಂಪೆಲ್ಲರಿಗೆ, ಅಂದರೆ ಪಂಪಿನೊಳಗೆ ತಿರುಗುವ ಚಕ್ರಕ್ಕೆ, ಮರಳು ಸಿಕ್ಕಿದೆ, ಇಲ್ಲ ಬೇರಿಂಗ್ ಹಿಡಿದಿದೆ. ನೂರಾರು ಅಡಿ ಕೆಳಗೆ ಏನಾಗುತ್ತಿದೆ ಅಂತ ಮೇಲೆ ನಿಂತವನಿಗೆ ಹೇಳುವುದು ಆ ಮೀಟರೇ. ವಿಮಾನಕ್ಕೂ ಅಂಥದ್ದೊಂದು ಪ್ಯಾನಲ್ ಬೇಕು ಅನ್ನುವುದು ನನ್ನ ವಾದ.

ಈ ಗೀಳು ನನಗೆ ಹತ್ತಿದ್ದು ಸುಟ್ಟ ಮೋಟಾರುಗಳಿಂದ. ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದು, ಅಂಗೈಯೊಳಗೆ ಅಡಗುವಷ್ಟು ಪುಟ್ಟ ಮೋಟಾರು ಮುಂದಿಟ್ಟು, ‘ಅಂಕಲ್, ಇದಕ್ಕೆ ವೈಂಡಿಂಗ್ ಮಾಡಿಕೊಡ್ತೀರಾ’ ಅಂದರು. ತಂತಿ ಕಪ್ಪಗಾಗಿ ಎನಾಮಲ್ ಉದುರುತ್ತಿತ್ತು. ಹೆಸರು ಎ2212. ತಂತಿ ಸುತ್ತುವ ನಿಂತ ಭಾಗ, ಅಂದರೆ ಸ್ಟೇಟರ್, 22 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಎತ್ತರ, 12 ಹಲ್ಲು, ಹೊರಗಿನ ಡಬ್ಬದೊಳಗೆ 14 ಮ್ಯಾಗ್ನೆಟ್. ನಮ್ಮ ದೇಶದಲ್ಲಿ ಹೊಸದಾಗಿ ವಿಮಾನ ಕಟ್ಟುವ ಮಕ್ಕಳ ಕೈಗೆ ಜಾಸ್ತಿ ಸಿಗುವುದು ಇದೇ. ಸಾವಿರ ಕೆವಿ ಅಂದರೆ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ 1000 ಆರ್‌ಪಿಎಂ. ಆ ಮೋಟಾರಿನ ಮೇಲೆ 13 ಟಿ ಅಂತ ಇರುತ್ತದೆ, ಅಂದರೆ 13 ಟರ್ನ್, ತಂತಿಯ 13 ಸುತ್ತು. ಅದೇ ಗಾತ್ರದ 10 ಟರ್ನಿನದು 1400 ಕೆವಿ, 6 ಟರ್ನಿನದು 2200. ಟರ್ನ್ ಕಮ್ಮಿ ಆದಷ್ಟೂ ಸ್ಪೀಡ್ ಜಾಸ್ತಿ. ಈ ಲೆಕ್ಕ ನಮ್ಮ ಕಸುಬಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

‘ಎಷ್ಟು ಆಂಪ್ ಎಳೀತಿತ್ತು?’ ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಇಎಸ್‌ಸಿ 30 ಆಂಪಿನದು ಅಂಕಲ್’ ಅಂದ ಒಬ್ಬ. ಅದು ಇಎಸ್‌ಸಿ ತಾಳುವ ಮಿತಿ. ಮೋಟಾರು ಎಷ್ಟು ಎಳೆಯಿತು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಮೋಟಾರಿನ ಜೊತೆ ಬರುವ ಚೀಟಿಯಲ್ಲೇ 12 ಆಂಪ್, ಅದೂ 60 ಸೆಕೆಂಡ್ ಅಂತ ಅಚ್ಚಾಗಿದೆ. ಇವರು ವಿಮಾನ ಭಾರವಾಯಿತು, ಎತ್ತುತ್ತಿಲ್ಲ ಅಂತ 11 ಇಂಚಿನ ಪ್ರೊಪೆಲ್ಲರ್ ಸಿಕ್ಕಿಸಿದ್ದರು. ಇಎಸ್‌ಸಿ ಜಗ್ಗಲಿಲ್ಲ, ಮೋಟಾರು ಸುಟ್ಟಿತು. ವಿಮಾನ ಹೋಗಿ ಕಬ್ಬಿನ ಗದ್ದೆಯಲ್ಲಿ ಬಿತ್ತು. ಎದೆಗಿಂತ ಎತ್ತರ ಬೆಳೆದ ಕಬ್ಬಿನೊಳಗೆ ಬಿಳಿ ಥರ್ಮೋಕೋಲ್ ಹುಡುಕುವುದು ಎಂಥ ಕಷ್ಟ ಅಂತ ಮಂಡ್ಯದವರಿಗೆ ಹೇಳಬೇಕಾ? ಗರಿ ಕೊಯ್ದು ಕೈಯೆಲ್ಲ ಗೀರಾಗಿತ್ತು ಪಾಪ. ಬ್ಯಾಟರಿ ಹೊತ್ತಿಕೊಳ್ಳಲಿಲ್ಲ, ಅದೇ ಪುಣ್ಯ. ಕಬ್ಬಿನ ಬುಡದಲ್ಲಿ ಒಣ ತರಗು ಬಿದ್ದಿರುತ್ತದೆ. ಜಜ್ಜಿಹೋದ ಲಿಪೊ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿ ಬೆಂಕಿಯಾದರೆ ಅದು ಹುಡುಗರ ವಿಮಾನದ ಲೆಕ್ಕಕ್ಕೆ ನಿಲ್ಲುವುದಿಲ್ಲ, ರೈತನ ಒಂದು ವರ್ಷದ ಬೆಳೆ.

ಪ್ರೊಪೆಲ್ಲರ್ ಒಂದು ಇಂಚು ದೊಡ್ಡದಾದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಅಲ್ಲೇ ಇರುವುದು ಮೋಸ. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಅಷ್ಟೇ ಇದ್ದು, ಸ್ಪೀಡೂ ಅಷ್ಟೇ ಇದ್ದರೆ, ಪ್ರೊಪೆಲ್ಲರ್ ಕೇಳುವ ಪವರ್ ಅದರ ಅಗಲದ ನಾಲ್ಕನೇ ಘಾತದಂತೆ ಏರುತ್ತದೆ. 9 ಇಂಚಿನಿಂದ 10ಕ್ಕೆ ಹೋದರೆ ಒಂದೂವರೆ ಪಟ್ಟು. ಸ್ಪೀಡ್ ಏರಿದರೆ ಅದರ ಮೂರನೇ ಘಾತ. ಎರಡು ಸೆಲ್ಲಿನ ಬ್ಯಾಟರಿ ತೆಗೆದು ಮೂರು ಸೆಲ್ಲಿನದು ಹಾಕಿದರೆ ವೋಲ್ಟ್ ಒಂದೂವರೆ ಪಟ್ಟು ಆಗುತ್ತದೆ, ಪವರ್ ಕಾಗದದ ಲೆಕ್ಕದಲ್ಲಿ ಮೂರು ಪಟ್ಟು ದಾಟುತ್ತದೆ. ಲೋಡಿಗೆ ಸ್ಪೀಡ್ ಸ್ವಲ್ಪ ಕುಸಿಯುವುದರಿಂದ ನಿಜದಲ್ಲಿ ಅಷ್ಟು ಆಗುವುದಿಲ್ಲ. ಹಾಗಾದರೆ ಎಷ್ಟಾಗುತ್ತದೆ? ಅದಕ್ಕೆ ಉತ್ತರ ಮೀಟರಿನಲ್ಲಿ ಮಾತ್ರ ಇದೆ.

ಬರೀ ಆಂಪ್ ನೋಡಿದರೂ ಸಾಲದು. ಆಮೇಲೆ ನಾವು ಇಂಥ ಮೋಟಾರಿಗೆ ಕಟ್ಟಿದ ಮೀಟರಿನ ಪರದೆಯಲ್ಲಿ 14 ಆಂಪ್ ನೋಡಿ, ನನ್ನ ಅಂಗಡಿಗೆ ಬಂದ ರೈತರೊಬ್ಬರು ದಂಗಾದರು. ‘ನಮ್ ಐದು ಎಚ್‌ಪಿ ಮೋಟ್ರೇ ಎಂಟು ಆಂಪ್ ತಗೊಳ್ಳಲ್ವಲ್ಲ ಸಾಮಿ, ಇದೇನು ಚೋಟುದ್ದುದ್ದು’ ಅಂದರು. ಅವರ ಮೋಟಾರು ಓಡುವುದು 415 ವೋಲ್ಟ್ ಮೂರು ಫೇಸಿನಲ್ಲಿ, ಈ ಚೋಟು 11 ವೋಲ್ಟ್ ಚಿಲ್ಲರೆಯಲ್ಲಿ. ಗುಣಿಸಿ ನೋಡಿದರೆ ಇದು 158 ವಾಟ್, ಒಂದು ಎಚ್‌ಪಿಯ ಐದನೇ ಒಂದು ಭಾಗ. ಅದಕ್ಕೇ ಪರದೆಯ ಮೇಲೆ ವೋಲ್ಟ್, ಆಂಪ್, ವಾಟ್ ಮೂರೂ ಒಟ್ಟಿಗೆ ಕಾಣಬೇಕು.

ಇದಕ್ಕೆ ಸಿದ್ಧ ವಾಟ್ ಮೀಟರ್ ಪೇಟೆಯಲ್ಲಿ ಸಿಗುತ್ತದೆ. ಬ್ಯಾಟರಿ ಒಂದು ಕಡೆ, ಇಎಸ್‌ಸಿ ಇನ್ನೊಂದು ಕಡೆ, ನಡುವೆ ಸಿಕ್ಕಿಸಿದರೆ ಆಯಿತು. ಕೆಟ್ಟ ವಸ್ತು ಅಲ್ಲ. ಒಬ್ಬನೇ ಆಡುವವನಿಗೆ ಸಾಕು. ನನ್ನ ದೂರು ಅದರ ಪರದೆಯ ಮೇಲೆ. ಬೆಂಕಿಪೊಟ್ಟಣದಷ್ಟು ಕಿಟಕಿ, ಅದರೊಳಗೆ ಇರುವೆಯಷ್ಟು ಅಕ್ಷರ. ಅದು ಕೂರುವುದೂ ವಿಮಾನದ ಮೂತಿಯ ಪಕ್ಕ. ಓದಬೇಕಾದರೆ ಪೂರಾ ಸ್ಪೀಡಿನಲ್ಲಿ ತಿರುಗುವ ಪ್ರೊಪೆಲ್ಲರ್ ಹತ್ತಿರ ತಲೆ ಬಗ್ಗಿಸಬೇಕು. ಮಕ್ಕಳು ಬಗ್ಗುತ್ತಾರೆ, ಒಬ್ಬರ ಹೆಗಲ ಮೇಲೊಬ್ಬರು. 10 ಇಂಚಿನ ಪ್ಲಾಸ್ಟಿಕ್ ಪ್ರೊಪೆಲ್ಲರ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವಾಗ ಬೆರಳು ಕೊಟ್ಟರೆ ಬೆರಳು ಹೋಗುತ್ತದೆ. ಅದರ ಒಂದು ರೆಕ್ಕೆ ಮುರಿದು ಹಾರಿದರೆ ಅದು ಸುತ್ತುವ ಸಾಲಿನಲ್ಲಿ ನಿಂತವನ ಮುಖಕ್ಕೇ ಬರುತ್ತದೆ. ಅಳತೆ ಮಾಡುವ ಕೆಲಸವೇ ಅಪಾಯ ತಂದರೆ ಯಾವ ಭಾಗ್ಯಕ್ಕೆ?

ಅದಕ್ಕೇ ನಾವು ಪರದೆಯನ್ನು ವಿಮಾನದ ಹಿಂದಕ್ಕೆ ತಂದೆವು. ನಾವು ಅಂದರೆ ನಾನು ಮತ್ತು ನನ್ನ ತಂಗಿ ಮಗ. ಅವನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾನೆ. ತಾಮ್ರ ನನ್ನದು, ಪ್ರೋಗ್ರಾಮ್ ಅವನದು.

ಮೊದಲು ಅವನು ಬ್ಯಾಟರಿ ವೈರನ್ನೇ ಉದ್ದ ಮಾಡಿ ಮೀಟರನ್ನು ಹಿಂದಕ್ಕೆ ಎಳೆಯೋಣ ಅಂದ. ಬೇಡ ಅಂದೆ. ಇಎಸ್‌ಸಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತದೆ. ಬ್ಯಾಟರಿ ಕಡೆಯ ವೈರು ಉದ್ದವಾದಷ್ಟೂ ಪ್ರತಿ ಸಲ ಕಡಿದಾಗ ವೋಲ್ಟ್ ಮೇಲಕ್ಕೆ ಚಿಮ್ಮುತ್ತದೆ. ಆ ಪೆಟ್ಟು ತಿನ್ನುವುದು ಇಎಸ್‌ಸಿ ಬಾಯಲ್ಲಿ ಕೂತಿರುವ ಕೆಪಾಸಿಟರ್. ಅದು ಉಬ್ಬಿ ಹೋದರೆ ಇಎಸ್‌ಸಿಯೂ ಹೋಯಿತು. ಹಾಗಾಗಿ ದಪ್ಪ ವೈರು ಗಿಡ್ಡವಾಗಿಯೇ ಇರಲಿ, ಆಂಪ್ ಅಳೆಯುವ ಸೆನ್ಸರ್ ಅಲ್ಲೇ ಇರಲಿ, ಸಣ್ಣ ಸಿಗ್ನಲ್ ವೈರು ಮಾತ್ರ ಹಿಂದಕ್ಕೆ ಬರಲಿ ಅಂತ ತೀರ್ಮಾನ ಮಾಡಿದೆವು.

ಸೆನ್ಸರ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುತ್ತದೆ ಅಂತ ಐಎನ್‌ಎ219 ಬೋರ್ಡು ತರಿಸುವವರಿದ್ದಾರೆ. ಅದು ಬೋರ್ಡಿನ ಮೇಲಿರುವ ರೆಸಿಸ್ಟರ್‌ನಲ್ಲಿ 3.2 ಆಂಪ್ ತನಕ ಮಾತ್ರ ಅಳೆಯುತ್ತದೆ. ಎಲ್‌ಇಡಿ ಸರ, ಸೋಲಾರ್ ಆಟಿಕೆಗೆ ಸರಿ, ವಿಮಾನದ ಮೋಟಾರಿಗೆ ಕಟ್ಟಿದರೆ ಹೊಗೆ. ಎಸಿಎಸ್712ರಲ್ಲಿ 30 ಆಂಪಿನದು ಇದೆ, ಆದರೆ ಅದರ ಸ್ಕ್ರೂ ಕನೆಕ್ಟರ್ ನೋಡಿದರೇ ನನಗೆ ನಂಬಿಕೆ ಬರಲಿಲ್ಲ. ನಾವು ಹಾಕಿದ್ದು ಎಸಿಎಸ್758, 50 ಆಂಪಿನದು. ಕರೆಂಟು ಅದರೊಳಗಿನ ದಪ್ಪ ತಾಮ್ರದ ಪಟ್ಟಿಯಲ್ಲಿ ಹಾದುಹೋಗುತ್ತದೆ. ಅದರ ಸುತ್ತ ಹುಟ್ಟುವ ಮ್ಯಾಗ್ನೆಟಿಕ್ ಫೀಲ್ಡನ್ನು ಚಿಪ್ ಅಳೆಯುತ್ತದೆ. ಕರೆಂಟು ಇಲ್ಲದಾಗ ಎರಡೂವರೆ ವೋಲ್ಟ್ ಕೊಡುತ್ತದೆ, ಆಮೇಲೆ ಆಂಪಿಗೆ 40 ಮಿಲಿವೋಲ್ಟ್‌ನಂತೆ ಏರುತ್ತದೆ. ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲು ಮಾಡಿ ಓದುತ್ತದೆ. ಒಂದು ಮೆಟ್ಟಿಲಿಗೆ ಸುಮಾರು 0.12 ಆಂಪ್. ನಮಗೆ ಧಾರಾಳ.

ವೋಲ್ಟ್ ಓದಲು 30 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್ ಸಾಲಾಗಿ ಕಟ್ಟಿದರೆ ಸಾಕು. 12.6 ವೋಲ್ಟ್ ನಾಲ್ಕನೇ ಒಂದು ಭಾಗವಾಗಿ 3.15 ಆಗಿ ನ್ಯಾನೊ ಬಾಯಿಗೆ ಬರುತ್ತದೆ. ಕರೆಂಟು ಕಡಿದು ಕಡಿದು ಬರುವುದರಿಂದ ಒಂದೊಂದೇ ಸಲ ಓದಿದರೆ ಅಂಕಿ ಹುಚ್ಚೆದ್ದು ಕುಣಿಯುತ್ತದೆ. ತಂಗಿ ಮಗ ಇನ್ನೂರು ಸಲ ಓದಿಸಿ ಸರಾಸರಿ ತೆಗೆದು, ಸೆಕೆಂಡಿಗೆ ಎರಡು ಸಲ ಮಾತ್ರ ಪರದೆ ಬದಲಾಗುವ ಹಾಗೆ ಮಾಡಿದ. ಇನ್ನೊಂದು ಸೂಕ್ಷ್ಮ. ಮೋಟಾರಿನ ಮ್ಯಾಗ್ನೆಟ್ ಹತ್ತಿರ ಬಂದರೆ ಈ ಸೆನ್ಸರಿನ ಸೊನ್ನೆ ಜಾರುತ್ತದೆ. ಆದ್ದರಿಂದ ಸೆನ್ಸರನ್ನು ಮೋಟಾರಿನಿಂದ ದೂರ ಇಟ್ಟು, ಪ್ರತಿ ಸಲ ಸ್ವಿಚ್ ಹಾಕಿದಾಗ ಮೋಟಾರು ತಿರುಗುವ ಮುಂಚೆ ಸೊನ್ನೆ ಹೊಂದಿಸಿಕೊಳ್ಳುವ ಹಾಗೆ ಪ್ರೋಗ್ರಾಮ್‌ನಲ್ಲೇ ಬರೆದಿದ್ದೇವೆ.

ಪರದೆಗೆ ಅವನು ಮೊದಲು ತಂದದ್ದು ಒಎಲ್‌ಇಡಿ. ಅಂಗಡಿಯೊಳಗೆ ಮುತ್ತಿನ ಹಾಗೆ ಕಾಣುತ್ತಿತ್ತು. ಹೊರಗೆ ಮಂಡ್ಯದ ಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ಬರೀ ಕಪ್ಪು ಗಾಜು. ಹಳೇ ಕಾಲದ 16 ಅಕ್ಷರ, ಎರಡು ಸಾಲಿನ ಎಲ್‌ಸಿಡಿಯೇ ಗೆದ್ದಿತು. ಹಸಿರು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ್ದು ತಗೊಳ್ಳಿ. ನೀಲಿ ಹಿನ್ನೆಲೆಗೆ ಬಿಳಿ ಅಕ್ಷರದ್ದು ಬಿಸಿಲಿಗೆ ಮಂಕಾಗುತ್ತದೆ. ತರಗತಿ ತುಂಬ ಮಕ್ಕಳಿದ್ದರೆ 20 ಅಕ್ಷರ, ನಾಲ್ಕು ಸಾಲಿನದು ವಾಸಿ. ಮೇಲಿನ ಸಾಲಿನಲ್ಲಿ ವೋಲ್ಟ್, ಆಂಪ್. ಕೆಳಗಿನ ಸಾಲಿನಲ್ಲಿ ವಾಟ್, ಪಕ್ಕದಲ್ಲಿ ಅತಿ ಹೆಚ್ಚು ಮುಟ್ಟಿದ ಆಂಪ್. ಗುಂಡಿ ಒತ್ತಿದರೆ ಅತಿ ಕಡಿಮೆಗೆ ಇಳಿದ ವೋಲ್ಟ್, ಖರ್ಚಾದ ಮಿಲಿ ಆಂಪ್ ಅವರ್, ಅಂದರೆ ಬ್ಯಾಟರಿಯಿಂದ ಒಟ್ಟು ಎಷ್ಟು ಹೋಯಿತು ಅನ್ನುವ ಲೆಕ್ಕ. ಆ ಪರದೆಗೆ ಕನ್ನಡ ಬರುವುದಿಲ್ಲ. ನಾವೇ ಚುಕ್ಕಿ ಜೋಡಿಸಿ ಎಂಟು ಚಿಹ್ನೆ ಬರೆಸಬಹುದು, ಅಷ್ಟೆ. ನನ್ನ ತಂಗಿ ಮಗ ಅದರಲ್ಲೇ ಒಂದು ಬಾವುಟ ಬರೆದಿಟ್ಟಿದ್ದಾನೆ, ಸುಮ್ನೆ.

ಸೆನ್ಸರ್, ನ್ಯಾನೊ ಎರಡೂ ವಿಮಾನದ ಪಕ್ಕ. ಅಲ್ಲಿಂದ ನಾಲ್ಕು ಎಳೆಯ ಒಂದು ಮೀಟರ್ ವೈರು, ಅದರ ತುದಿಗೆ ಪಿವಿಸಿ ಸ್ವಿಚ್ ಬಾಕ್ಸಿನೊಳಗೆ ಎಲ್‌ಸಿಡಿ. ವೈರನ್ನು ಇನ್ನೂ ಉದ್ದ ಮಾಡಿದರೆ ಅಕ್ಷರ ಕೆಡಲು ಶುರುವಾಯಿತು, ಒಂದು ಮೀಟರಿಗೇ ನಿಲ್ಲಿಸಿದೆವು. ಇಡೀ ಪ್ಯಾನಲ್ಲಿಗೆ ಪವರ್ ಬ್ಯಾಂಕ್ ಹಾಕೋಣ ಅಂದರೆ, ಎಳೆಯುವ ಕರೆಂಟು ತೀರಾ ಕಮ್ಮಿ ಅಂತ ಅದು ತಾನೇ ಆಫ್ ಆಗಿಬಿಡುತ್ತದೆ. ವಿಮಾನದ ಬ್ಯಾಟರಿಯಿಂದಲೇ ಸಣ್ಣ ಬಕ್ ಕನ್ವರ್ಟರ್ ಇಟ್ಟು 5 ವೋಲ್ಟ್ ಮಾಡಿಕೊಂಡೆವು. ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು. ಕೆಲವು ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕಾಯಿತು. ದಪ್ಪ ವೈರಿಗೆ ಎಕ್ಸ್‌ಟಿ60 ಕನೆಕ್ಟರ್ ಬೆಸೆಯಲು ಮಕ್ಕಳ ಕೈಲಿರುವ 25 ವಾಟ್ ಸೋಲ್ಡರಿಂಗ್ ಕಡ್ಡಿ ಸಾಲದು, 60 ವಾಟಿನದು ಬೇಕು. ಸೀಸ ಸರಿಯಾಗಿ ಹರಿಯದಿದ್ದರೆ ಆ ಕೀಲೇ ಮೊದಲು ಬಿಸಿಯಾಗುವುದು.

ಈಗ ಬರುತ್ತದೆ ಎಲ್ಲರೂ ಮಾಡದೆ ಬಿಟ್ಟುಬಿಡುವ ಕೆಲಸ. ಪರದೆ 14 ಅಂದರೆ ಅದು ನಿಜವಾಗಿ 14 ಹೌದೋ ಅಲ್ಲವೋ? ಅಂಗಡಿಯಲ್ಲಿ ನನ್ನ ಟಾಂಗ್ ಟೆಸ್ಟರ್ ಇದೆ, ವೈರಿಗೆ ಇಕ್ಕಳದ ಹಾಗೆ ಕಚ್ಚಿಸಿ ಆಂಪ್ ನೋಡುವ ಮೀಟರು. ಆದರೆ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸಾಮಾನ್ಯ ಟಾಂಗ್ ಟೆಸ್ಟರ್ ಎಸಿ ಮಾತ್ರ ಓದುತ್ತದೆ. ಬ್ಯಾಟರಿ ವೈರಿಗೆ ಕಚ್ಚಿಸಿದರೆ ಅದರ ಅಂಕಿಗೆ ಅರ್ಥ ಇಲ್ಲ. ಮೋಟಾರಿಗೆ ಹೋಗುವ ಮೂರು ವೈರಿಗೆ ಕಚ್ಚಿಸಿದರೆ ಏನೋ ತೋರಿಸುತ್ತದೆ, ನಂಬಬೇಡಿ. ಅಲ್ಲಿನ ಕರೆಂಟು ನಮ್ಮ ಮನೆ ಕರೆಂಟಿನ ಹಾಗೆ ಸರಾಗ ಅಲೆ ಅಲ್ಲ. ಡಿಸಿ ಓದುವ ಟಾಂಗ್ ಟೆಸ್ಟರ್ ಬೇರೆ, ಬೆಲೆಯೂ ಬೇರೆ.

ನಾವು ಕಂಡುಕೊಂಡ ದಾರಿ ಇದು. ಆಟೊ ಎಲೆಕ್ಟ್ರಿಕಲ್ ಅಂಗಡಿಯಿಂದ ಕಾರಿನ ಹೆಡ್‌ಲೈಟ್ ಬಲ್ಬು ತಂದೆವು, 12 ವೋಲ್ಟಿನ 55 ವಾಟಿನವು. ಒಂದು ಬಲ್ಬು ನಾಲ್ಕೂವರೆ ಆಂಪ್ ಚಿಲ್ಲರೆ ಎಳೆಯುತ್ತದೆ. ಮೊದಲು ಒಂದು, ಆಮೇಲೆ ಎರಡು. ಮಲ್ಟಿಮೀಟರಿನ 10 ಆಂಪ್ ಬಾಯಿಗೆ ಅಷ್ಟು ತಡೆಯುತ್ತದೆ, ಮೂರನೆಯದು ಹಾಕಿದರೆ ಫ್ಯೂಸು ಹೋಗುತ್ತದೆ. ಮಲ್ಟಿಮೀಟರೂ ನಮ್ಮ ಪರದೆಯೂ ಒಂದೇ ಹೇಳುವ ತನಕ ಪ್ರೋಗ್ರಾಮಿನ ಗುಣಕ ತಿದ್ದಿದೆವು. ಮೇಲಿನ ಆಂಪಿಗೆ ಇನ್ನೊಂದು ತಾಳೆ ಇದೆ. ಹಾರಾಟ ಆದ ಮೇಲೆ ಪರದೆ 1500 ಮಿಲಿ ಆಂಪ್ ಅವರ್ ಖರ್ಚಾಯಿತು ಅಂದರೆ, ಚಾರ್ಜರ್ ಕೂಡ ಹೆಚ್ಚುಕಮ್ಮಿ ಅಷ್ಟೇ ವಾಪಸ್ ತುಂಬಬೇಕು. ತುಂಬಿತು ಅಂದರೆ ನಿಮ್ಮ ಪ್ಯಾನಲ್ ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಸೆನ್ಸರನ್ನು ವಿಮಾನದಲ್ಲೇ ಬಿಟ್ಟು ಹಾರಿಸಬೇಕು. ಪರದೆ ಬಿಚ್ಚಿಟ್ಟರೂ ನ್ಯಾನೊ ಲೆಕ್ಕ ಇಡುತ್ತಿರುತ್ತದೆ.

ಅಳೆಯುವ ವಿಧಾನ ಚಿಕ್ಕದು. ವಿಮಾನದ ಬಾಲವನ್ನು ಗೂಟಕ್ಕೆ ಹಗ್ಗದಿಂದ ಬಿಗಿ. ಎಲ್ಲರೂ ಹಿಂದೆ. ಪ್ರೊಪೆಲ್ಲರ್ ಪಕ್ಕದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಥ್ರಾಟಲ್, ಅಂದರೆ ರಿಮೋಟಿನ ಸ್ಪೀಡ್ ಕಡ್ಡಿ, ಮೆಲ್ಲಗೆ ಪೂರಾ ತನಕ ಏರಿಸಿ, ಹತ್ತು ಸೆಕೆಂಡಿನೊಳಗೆ ಇಳಿಸಿ. ನೆಲದ ಮೇಲೆ ಇಎಸ್‌ಸಿಗೆ ಹಾರುವಾಗಿನಷ್ಟು ಗಾಳಿ ಸಿಗುವುದಿಲ್ಲ, ಜಾಸ್ತಿ ಹೊತ್ತು ಓಡಿಸಿದರೆ ಸುಮ್ಮನೆ ಬಿಸಿಯೇರುತ್ತದೆ. ಅತಿ ಹೆಚ್ಚು ಆಂಪ್ ಪರದೆಯ ಮೇಲೆ ನಿಂತೇ ಇರುತ್ತದೆ, ಅವಸರವಾಗಿ ಓದುವ ಅಗತ್ಯ ಇಲ್ಲ.

ಹೀಗೆ ಅಳೆದಾಗ ಅದೇ ಸಾವಿರ ಕೆವಿ ಮೋಟಾರು 8ಕ್ಕೆ 4ರ, ಅಂದರೆ 8 ಇಂಚು ಅಗಲ 4 ಇಂಚು ಪಿಚ್ಚಿನ, ಪ್ರೊಪೆಲ್ಲರಿನಲ್ಲಿ ಸುಮಾರು 7 ಆಂಪ್ ಎಳೆಯಿತು. 10ಕ್ಕೆ 4.5 ಹಾಕಿದರೆ 14ರ ಹತ್ತಿರ. ಅಂದರೆ ಅಂಗಡಿಯವರು ‘ಇದಕ್ಕೆ ಇದೇ ಜೋಡಿ’ ಅಂತ ಕೊಡುವ 10 ಇಂಚಿನ ಪ್ರೊಪೆಲ್ಲರೇ ಚೀಟಿಯ 12 ಆಂಪನ್ನು ದಾಟಿಸುತ್ತದೆ. ಥ್ರಾಟಲ್ ಮುಕ್ಕಾಲಿನಲ್ಲಿ ಹಾರಿಸುವವನಿಗೆ ಏನೂ ಆಗುವುದಿಲ್ಲ. ಪೂರಾ ಒತ್ತಿ ಹಿಡಿಯುವ ಹುಡುಗನಿಗೆ ಮೋಟಾರು ಸುಡುತ್ತದೆ. ಇಬ್ಬರೂ ಒಂದೇ ಸಾಮಾನು ಕೊಂಡವರು. ಹಾರುವಾಗ ಗಾಳಿ ಎದುರಿನಿಂದ ಬರುವುದರಿಂದ ಪ್ರೊಪೆಲ್ಲರಿನ ಭಾರ ಸ್ವಲ್ಪ ಹಗುರಾಗಿ ಆಂಪ್ ಇಳಿಯುತ್ತದೆ ನಿಜ. ಮೂತಿ ಎತ್ತಿ ಕಡಿದಾಗಿ ಏರಿಸಿದರೆ ಮತ್ತೆ ನೆಲದ ಅಂಕಿಯ ಹತ್ತಿರಕ್ಕೇ ಬರುತ್ತದೆ. ನೆಲದ ಅಂಕಿಯನ್ನೇ ಮಿತಿ ಅಂತ ಇಟ್ಟುಕೊಳ್ಳಿ.

ವಾಟ್ ಗೊತ್ತಾದರೆ ವಿಮಾನ ಏಳುತ್ತದೋ ಇಲ್ಲವೋ ಅನ್ನುವುದೂ ನೆಲದಲ್ಲೇ ಗೊತ್ತಾಗುತ್ತದೆ. ಕಲಿಯುವವರ ವಿಮಾನಕ್ಕೆ ಕಿಲೋ ತೂಕಕ್ಕೆ 110ರಿಂದ 150 ವಾಟ್ ಸಾಕು, ಪಲ್ಟಿ ಹೊಡೆಸಬೇಕು ಅಂದರೆ 200 ದಾಟಬೇಕು. ಇದು ಈ ಹವ್ಯಾಸದವರು ಬಹಳ ಕಾಲದಿಂದ ಇಟ್ಟುಕೊಂಡಿರುವ ಅಂದಾಜು. ಬ್ಯಾಟರಿ ಸೇರಿ 900 ಗ್ರಾಂ ವಿಮಾನಕ್ಕೆ 158 ವಾಟ್ ಅಂದರೆ ಕಿಲೋಗೆ 175. ಚೆನ್ನಾಗಿಯೇ ಏಳುತ್ತದೆ. ಆ ಹುಡುಗರಿಗೆ 11 ಇಂಚು ಬೇಕೇ ಇರಲಿಲ್ಲ. ಅವರ ಕಷ್ಟ ಬೇರೆ ಕಡೆ ಇತ್ತು.

ಅದು ಬ್ಯಾಟರಿ. ಪರದೆಯಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ ಅಂತ ಹೇಳಬೇಕು. ಅವರ ಹತ್ತಿರ ಒಂದೇ ಲೇಬಲ್ಲಿನ ಎರಡು ಬ್ಯಾಟರಿ ಇದ್ದವು, ಎರಡೂ 2200 ಮಿಲಿ ಆಂಪ್ ಅವರ್, 25 ಸಿ. ಸಿ ಅಂದರೆ ಸಾಮರ್ಥ್ಯದ ಎಷ್ಟು ಪಟ್ಟು ಆಂಪ್ ಕೊಡಬಲ್ಲದು ಅನ್ನುವ ಅಂಕಿ. ಲೇಬಲ್ಲಿನ ಲೆಕ್ಕದಲ್ಲಿ 2.2 ಗುಣಿಸು 25, ಅಂದರೆ 55 ಆಂಪ್ ಕೊಡಬೇಕು. ಎರಡನ್ನೂ 12.6 ವೋಲ್ಟಿಗೆ ಪೂರಾ ತುಂಬಿಸಿ, ಅದೇ 10 ಇಂಚಿನ ಪ್ರೊಪೆಲ್ಲರ್ ಹಾಕಿ ಥ್ರಾಟಲ್ ಒತ್ತಿದೆವು. ಒಂದು 11.7ರಲ್ಲಿ ನಿಂತಿತು. ಇನ್ನೊಂದು ಸರ್ರನೆ 10.4ಕ್ಕೆ ಕುಸಿಯಿತು. ಕುಸಿದದ್ದರ ವಾಟೂ ಬಿತ್ತು. ಇದನ್ನು ಹಾಕಿದಾಗಲೇ ವಿಮಾನ ಭಾರ ಅನ್ನಿಸಿರಬೇಕು, ಹುಡುಗರು ಪ್ರೊಪೆಲ್ಲರ್ ದೊಡ್ಡದು ಮಾಡಿರಬೇಕು. ಪ್ರೊಪೆಲ್ಲರ್ ದೊಡ್ಡದಾದರೆ ಬ್ಯಾಟರಿ ಇನ್ನೂ ಕುಸಿಯುತ್ತದೆ, ಒಳ್ಳೆಯ ಬ್ಯಾಟರಿ ಸಿಕ್ಕಿದ ದಿನ ಮೋಟಾರು ಸುಡುತ್ತದೆ. ಬರೀ ಮಲ್ಟಿಮೀಟರ್ ಹಿಡಿದು ಲೋಡ್ ಇಲ್ಲದೆ ನೋಡಿದ್ದರೆ ಎರಡೂ 12.6 ಅಂತಲೇ ತೋರಿಸುತ್ತಿದ್ದವು.

ಲಿಪೊ ಸೆಲ್ಲು ತುಂಬಿದಾಗ 4.2 ವೋಲ್ಟ್. ಲೋಡ್ ಇದ್ದಾಗಲೂ 3ಕ್ಕಿಂತ ಕೆಳಗೆ ಹೋಗಬಾರದು, ಮೂರು ಸೆಲ್ಲಿಗೆ 9. ಹಾರಿಸದೆ ಇಡುವುದಾದರೆ ಸೆಲ್ಲಿಗೆ 3.8ರಲ್ಲಿ ಇಡಬೇಕು. ಪೂರಾ ತುಂಬಿಸಿ ವಾರಗಟ್ಟಲೆ ಇಟ್ಟರೆ ಹೊಟ್ಟೆ ಉಬ್ಬುತ್ತದೆ. ಕಾಲೇಜು ಲ್ಯಾಬಿನ ಬೀರುವಿನಲ್ಲಿ ಬ್ಯಾಟರಿಗಳು ಹಾಳಾಗುವುದು ಹೀಗೇ. ಪರೀಕ್ಷೆ ಬಂತು ಅಂತ ತುಂಬಿಸಿದ್ದನ್ನು ಹಾಗೇ ಬೀಗ ಹಾಕಿ ಹೋಗುತ್ತಾರೆ. ಎಷ್ಟು ಹೊತ್ತು ಹಾರಿಸಬಹುದು ಅನ್ನುವುದಕ್ಕೂ ಊಹೆ ಬೇಡ. 2200ರಲ್ಲಿ ನೂರಕ್ಕೆ ಎಂಬತ್ತು ಬಳಸಿದರೆ 1760. ಸರಾಸರಿ 7 ಆಂಪ್ ಎಳೆದರೆ 15 ನಿಮಿಷ, 14 ಎಳೆದರೆ ಏಳೂವರೆ. ರಿಮೋಟಿನಲ್ಲಿ ಅಷ್ಟಕ್ಕೆ ಟೈಮರ್ ಇಟ್ಟರೆ ವಿಮಾನ ಕಬ್ಬಿನ ಗದ್ದೆಗೆ ಬೀಳದೆ ರಸ್ತೆ ಪಕ್ಕದ ಬಯಲಿಗೇ ಇಳಿಯುತ್ತದೆ.

ವಿಮಾನದೊಳಗೇ ಸೆನ್ಸರ್ ಇಟ್ಟು ರಿಮೋಟಿನ ಪರದೆಗೆ ಅಂಕಿ ಕಳಿಸುವ ಟೆಲಿಮೆಟ್ರಿಯೂ ಇದೆ. ದುಡ್ಡಿದ್ದವರು ಹಾಕಿಕೊಳ್ಳಲಿ. ಆದರೆ ಹಾರಿಸುವವನ ಕಣ್ಣು ಆಕಾಶದಲ್ಲಿರಬೇಕು, ಕೈಯಲ್ಲಿನ ಪರದೆಯಲ್ಲಲ್ಲ. ವೋಲ್ಟ್ ಇಳಿದಾಗ ಕೂಗುವ ಅಲಾರಂ ಇದ್ದರೆ ಅಷ್ಟು ಮಟ್ಟಿಗೆ ಉಪಯೋಗ. ಮಕ್ಕಳಿಗೆ ಕಲಿಸಲು ನೆಲದ ಪ್ಯಾನಲ್ಲೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ, ಪ್ರೊಪೆಲ್ಲರ್ ಬದಲಿಸಿ ಮತ್ತೆ ನೋಡಬಹುದು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳಲ್ಲಿ ಶಾಲೆ ಕಾಲೇಜುಗಳಲ್ಲಿ ಇಂಥ ವಿಮಾನ ಹಾರಿಸುವ ಕಾರ್ಯಕ್ರಮ ನಡೆಯುತ್ತಿವೆ. ಎನ್‌ಸಿಸಿ ಏರ್ ವಿಂಗ್ ಮಕ್ಕಳಿಗೆ ಏರೋಮಾಡೆಲಿಂಗ್ ಪಾಠದಲ್ಲೇ ಇದೆ. ನಾನು ನೋಡಿದ ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರು ರೆಕ್ಕೆಯ ಉದ್ದವನ್ನು ಟೇಪಿನಿಂದ ಅಳೆದರು, ತಕ್ಕಡಿಯಲ್ಲಿ ತೂಕ ನೋಡಿದರು, ಬಣ್ಣಕ್ಕೂ ಅಂಕ ಕೊಟ್ಟರು. ಆಂಪ್ ನೋಡಲಿಲ್ಲ. ಒಂದು ವಿಮಾನ ಗಾಳಿಯಲ್ಲೇ ಪವರ್ ಕಳೆದುಕೊಂಡು ಕುರ್ಚಿ ಸಾಲಿನ ಪಕ್ಕಕ್ಕೆ ಬಂದು ಬಿತ್ತು. ತೂಕದ ತಕ್ಕಡಿ ಇಡುವ ಟೇಬಲ್ಲಿನ ಪಕ್ಕ ಇನ್ನೊಂದು ಟೇಬಲ್, ಅದರ ಮೇಲೆ ಇಂಥ ಒಂದು ಪ್ಯಾನಲ್. ಪ್ರತಿ ವಿಮಾನಕ್ಕೂ ಹತ್ತು ಸೆಕೆಂಡಿನ ಪೂರಾ ಥ್ರಾಟಲ್. ಆಂಪ್ ಮಿತಿ ದಾಟಿದರೆ, ವೋಲ್ಟ್ 9ರ ಹತ್ತಿರ ಇಳಿದರೆ, ಹಾರಿಸಲು ಬಿಡಬೇಡಿ. ಹೋಗಿ ಪ್ರೊಪೆಲ್ಲರ್ ಬದಲಿಸಿಕೊಂಡು ಬಾ ಅನ್ನಿ. ‘ನಾವು ಡೇಟಾಶೀಟ್ ನೋಡಿಯೇ ಹಾಕಿದ್ದೇವೆ’ ಅಂತ ಉಪನ್ಯಾಸಕರೊಬ್ಬರು ನನಗೆ ಹೇಳಿದರು. ಒಂದೇ ಲೇಬಲ್ಲಿನ ಸುಟ್ಟ ಮೋಟಾರುಗಳನ್ನು ಬಿಚ್ಚಿ ಟರ್ನ್ ಎಣಿಸಿದವನು ನಾನು. ಎಲ್ಲದರಲ್ಲೂ 13 ಇರಲಿಲ್ಲ ಸ್ವಾಮಿ.

ಎಲ್ಲಿ ಹಾರಿಸಬಹುದು ಅನ್ನುವುದು ಬೇರೆ ವಿಷಯ. 2021ರ ಡ್ರೋನ್ ನಿಯಮಗಳಲ್ಲಿ ಮಾಡೆಲ್ ವಿಮಾನಗಳೂ ಬರುತ್ತವೆ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರ ಇದೆ ಅನ್ನುವುದನ್ನು ಮರೆಯದೆ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಕೊಂಡು ಹೋಗಬೇಕು. ಅದರ ಬಗ್ಗೆ ತಿಳಿದವರಿಂದ ನೀವೇ ಬರೆಸಿದರೆ ಒಳ್ಳೆಯದು.

ಈ ಪ್ಯಾನಲ್ಲಿನ ಸರ್ಕ್ಯೂಟ್ ಚಿತ್ರವನ್ನು ತಂಗಿ ಮಗ ಬರೆದುಕೊಟ್ಟಿದ್ದಾನೆ, ಪತ್ರದ ಜೊತೆ ಇಟ್ಟಿದ್ದೇನೆ. ವಿದ್ಯಾರ್ಥಿ ಪುಟದಲ್ಲಿ ಅಚ್ಚು ಹಾಕಲು ನಮ್ಮ ಅಡ್ಡಿ ಇಲ್ಲ. ಪ್ಯಾನಲ್ ನನ್ನ ಅಂಗಡಿಯಲ್ಲೇ ಇದೆ. ಮಕ್ಕಳು ಸಂಜೆ ಹೊತ್ತು ವಿಮಾನ ತಂದರೆ ದುಡ್ಡಿಲ್ಲದೆ ಅಳೆದು ಕೊಡುತ್ತೇನೆ, ಜೊತೆಗೆ ದೊಡ್ಡವರೊಬ್ಬರು ಇರಲಿ. ಮಾರ್ಚಿನಿಂದ ಮೇ ತನಕ ಮಾತ್ರ ಬರಬೇಡಿ. ಅದು ಬೋರ್ ಮೋಟಾರು ಸುಡುವ ಕಾಲ, ನನಗೆ ಊಟಕ್ಕೂ ಬಿಡುವಿರುವುದಿಲ್ಲ.

ಇಂತಿ,
ಮೋಟಾರ್ ವೈಂಡಿಂಗ್ ಅಂಗಡಿಯವ,
ಮಂಡ್ಯ